ಯಾರಿಗೆ ಉತ್ತರ, ಯಾವ ಆಧಾರ

ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯಿಂದ ಸಮಾಜಶಾಸ್ತ್ರ ಓದಲು ಕೊಚ್ಚಿಗೂ ತಿರುವನಂತಪುರಕ್ಕೂ ಬರುವ ಕನ್ನಡದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಮಾತಾಡುತ್ತೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಸುತ್ತಲೂ ಮಲಯಾಳ, ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಹವ್ಯಕ ಕನ್ನಡವೋ. ಎರಡು ಮೂರು ಭಾಷೆಗಳ ನಡುವೆ ಸಲೀಸಾಗಿ ಓಡಾಡಿಕೊಂಡು ಬೆಳೆದ ಮಕ್ಕಳಿವರು. ಆದರೂ ಎಂ.ಎ. ತರಗತಿಯಲ್ಲಿ ಒಂದು ಇಂಗ್ಲಿಷ್ ಪ್ರಬಂಧ ಕೈಗೆ ಕೊಟ್ಟರೆ, ಮರುದಿನ ಅದರ ಅಂಚಿನ ತುಂಬ ಪೆನ್ಸಿಲಿನಲ್ಲಿ ಪದಗಳ ಅರ್ಥ ಬರೆದುಕೊಂಡು ಬಂದಿರುತ್ತಾರೆ. ‘ಇದರಲ್ಲಿ ಲೇಖಕರು ಹೇಳುವುದೇನಮ್ಮಾ?’ ಎಂದು ಕೇಳಿದರೆ ಒಂದು ಪಟ್ಟಿ ಬರುತ್ತದೆ. ಜಾತಿಯ ವಿಷಯ ಇದೆ, ಮದುವೆಯ ವಿಷಯ ಇದೆ, ಭೂಮಿಯ ವಿಷಯ ಇದೆ. ಲೇಖಕರು ಏನನ್ನು ಸಾಧಿಸಲು ಹೊರಟಿದ್ದಾರೆ, ಯಾರ ಮಾತನ್ನು ಒಪ್ಪದೆ ಈ ಇಪ್ಪತ್ತು ಪುಟ ಬರೆದಿದ್ದಾರೆ ಎಂಬುದು ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ.

ಇದನ್ನು ಇಂಗ್ಲಿಷಿನ ಕೊರತೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲೇ ಓದಿ ಬಂದವರೂ ಇದೇ ಪಟ್ಟಿ ಕೊಡುತ್ತಾರೆ, ಇನ್ನಷ್ಟು ನಿರರ್ಗಳವಾಗಿ ಕೊಡುತ್ತಾರೆ, ಅಷ್ಟೆ. ಶಾಲೆಯಲ್ಲಿ ಪಾಠವೆಂದರೆ ಒಪ್ಪಿಸಬೇಕಾದ ವಿಷಯ. ಸಮಾಜಶಾಸ್ತ್ರದ ಪ್ರಬಂಧವೋ ಒಂದು ಜಗಳದ ನಡುವೆ ಆಡಿದ ಮಾತು. ಜಗಳದ ಇನ್ನೊಂದು ಪಕ್ಷ ಕಾಣದೆ ಹೋದರೆ, ಎಷ್ಟು ನಿಘಂಟು ತಿರುವಿದರೂ ಮಾತಿನ ಮೊನೆ ಎತ್ತ ಇದೆಯೆಂದು ತಿಳಿಯುವುದಿಲ್ಲ.

ಈ ಮಕ್ಕಳಿಗೆ ವಾದ ಹೊಸದೂ ಅಲ್ಲ. ಕಾಸರಗೋಡಿನ ಊರುಗಳಲ್ಲಿ ಬೆಳೆದವರು, ಅರ್ಥಧಾರಿಗಳು ಪುರಾಣದ ಪಾತ್ರಗಳಾಗಿ ಕುಳಿತು ಮಾತಿನಲ್ಲೇ ವಾದಿಸುವ ತಾಳಮದ್ದಳೆ ಕೇಳಿರುತ್ತಾರೆ. ಆ ನೆಲದಿಂದಲೇ ಬಂದ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ, ರಾವಣನಾಗಿ ಅರ್ಥ ಹೇಳಲು ಕುಳಿತರೆ, ಕಥೆಯಲ್ಲಿ ಸೋಲಲೇಬೇಕಾದ ಪಾತ್ರದ ನ್ಯಾಯವೂ ಪೂರ್ತಿ ತೂಕದಲ್ಲಿ ಕೇಳುಗರ ಮುಂದೆ ಬರುತ್ತಿತ್ತು. ರಾಮನ ಅರ್ಥಧಾರಿ ಆ ತೂಕವನ್ನು ಎತ್ತಿ ಉತ್ತರ ಕೊಡಬೇಕು, ಬೇರೆ ದಾರಿಯಿಲ್ಲ. ಎದುರಾಳಿಯ ಮಾತನ್ನು ದುರ್ಬಲಗೊಳಿಸದೆ ಮುಂದಿಟ್ಟು, ಆಮೇಲೆ ತನ್ನ ಮಾತನ್ನು ಸ್ಥಾಪಿಸುವುದೇ ಅಲ್ಲಿಯ ಕಲೆ. ಪ್ರಬಂಧ ಓದುವಾಗ ಹುಡುಕಬೇಕಾದದ್ದು ಇದನ್ನೇ. ವ್ಯತ್ಯಾಸ ಒಂದಿದೆ. ತಾಳಮದ್ದಳೆಯಲ್ಲಿ ಪುರಾಣದ ಪ್ರಮಾಣ ಸಾಕು, ಮಾತಿನ ಚಮತ್ಕಾರಕ್ಕೆ ಚಪ್ಪಾಳೆ ಸಿಗುತ್ತದೆ. ಇಲ್ಲಿ ಎಷ್ಟೇ ಚಂದದ ಮಾತಾದರೂ ‘ನಿಮಗೆ ಇದು ಹೇಗೆ ಗೊತ್ತಾಯಿತು?’ ಎಂಬ ಪ್ರಶ್ನೆ ಬೆನ್ನು ಬಿಡುವುದಿಲ್ಲ.

ಇದನ್ನೆಲ್ಲ ಕಲಿಸಲು ಮಟ್ಟಾಂಚೇರಿಯಷ್ಟು ಒಳ್ಳೆಯ ಜಾಗ ನನಗೆ ಬೇರೆ ಕಂಡಿಲ್ಲ. ಕೊಚ್ಚಿಯ ಆ ಹಳೆಯ ಪೇಟೆಯಲ್ಲಿ ಅರಮನೆಯ ಒತ್ತಿಗೇ 1568ರಲ್ಲಿ ಕಟ್ಟಿದ, ಯೆಹೂದಿಗಳ ಪರದೇಶಿ ಸಿನಗಾಗ್ ಇದೆ. ಸ್ವಲ್ಪ ದೂರದಲ್ಲಿ ಚೆರ್ಲಾಯಿಯ ತಿರುಮಲ ದೇವಸ್ವಂ, ಅದರ ಸುತ್ತ ಗೋವೆಯಿಂದ ಬಂದ ಗೌಡ ಸಾರಸ್ವತರು. ನಮ್ಮ ಮಂಗಳೂರು, ಉಡುಪಿಯ ಕೊಂಕಣಿಗರಿಗೆ ಕೊಚ್ಚಿಯೆಂದರೆ ನೆಂಟರ ಊರು. ಕಛ್ಛಿ ಮೇಮನರು, ಗುಜರಾತಿ ವರ್ತಕರು, ತಮಿಳರು, ದಖನಿ ಮಾತಿನವರು ಎಲ್ಲರೂ ನಡೆದು ಹೋಗುವಷ್ಟು ದೂರದಲ್ಲಿ. ಪ್ರವಾಸಿಗರಿಗೆ ಹೇಳುವ ವಾಕ್ಯ ಒಂದೇ: ಇಲ್ಲಿ ಎಲ್ಲರೂ ಸೌಹಾರ್ದದಿಂದ ಬಾಳುತ್ತಾರೆ. ನನ್ನ ವಿದ್ಯಾರ್ಥಿಗಳು ಮೊದಲ ಪ್ರಬಂಧವನ್ನು ಶುರುಮಾಡುವುದೂ ಸಾಮಾನ್ಯವಾಗಿ ಈ ವಾಕ್ಯದಿಂದಲೇ. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಯಾರೂ ಅಲ್ಲಗಳೆಯಲಾರರು, ಪರೀಕ್ಷಿಸಲೂ ಆಗದು. ಆದ್ದರಿಂದ ಅದು ಇನ್ನೂ ವಾದವಾಗಿಲ್ಲ.

ಹಾಗಾದರೆ ವಾದವೆಂದರೆ ಯಾವುದು? ಮಟ್ಟಾಂಚೇರಿಯ ಬಗ್ಗೆಯೇ ಇಂಗ್ಲಿಷಿನಲ್ಲಿ ಬಂದ ಕೆಲವು ಬರವಣಿಗೆಗಳನ್ನು ಕಾಲಕ್ರಮದಲ್ಲಿ ಜೋಡಿಸಿ ಓದಿಸುತ್ತೇನೆ.

ಮೊದಲನೆಯದು ಎಲ್.ಕೆ. ಅನಂತಕೃಷ್ಣ ಅಯ್ಯರರ ‘ದಿ ಕೊಚ್ಚಿನ್ ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್’. ಶಿಕ್ಷಕರಾಗಿದ್ದ ಅವರಿಗೆ 1902ರಲ್ಲಿ ಕೊಚ್ಚಿ ಸಂಸ್ಥಾನ ಜನಾಂಗ ಸಮೀಕ್ಷೆಯ ಕೆಲಸ ವಹಿಸಿತು. ಸಂಪುಟಗಳು 1909 ಮತ್ತು 1912ರಲ್ಲಿ ಬಂದವು. ಇದೇ ಅಯ್ಯರರು ಮುಂದೆ ಎಚ್.ವಿ. ನಂಜುಂಡಯ್ಯನವರು ಮೈಸೂರಿನಲ್ಲಿ ಬಿಟ್ಟುಹೋಗಿದ್ದ ಕೆಲಸವನ್ನು ಪೂರೈಸಿದರು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿ, ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷ, ಅದೇ ನಂಜುಂಡಯ್ಯನವರು. ನಾಲ್ಕು ಸಂಪುಟಗಳ ‘ದಿ ಮೈಸೂರ್ ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್’ 1928ರಿಂದ 1935ರವರೆಗೆ ಹೊರಬಂತು. ಕೊಚ್ಚಿಗೂ ಮೈಸೂರಿಗೂ ಸಮಾಜದ ಅಧ್ಯಯನದಲ್ಲಿ ಇಷ್ಟು ಹಳೆಯ ನಂಟಿದೆಯೆಂದು ತಿಳಿದಾಗ ನಮ್ಮ ಮಕ್ಕಳ ಮುಖದಲ್ಲಿ ಹೊಳೆಯುವ ಸಂತೋಷ ನನಗೂ ಸಂತೋಷ ಕೊಡುತ್ತದೆ. ಈ ಸಂಪುಟಗಳಲ್ಲಿ ಒಂದೊಂದು ಜಾತಿಗೆ ಒಂದೊಂದು ಅಧ್ಯಾಯ. ಹುಟ್ಟು, ಮದುವೆ, ಸಾವು, ಉಡುಗೆ, ಕಸುಬು. ಅಪಾರ ಶ್ರಮ, ಇವತ್ತಿಗೂ ಬೇಕಾಗುವ ಮಾಹಿತಿ. ಆದರೆ ಇದು ವರ್ಣನೆ. ‘ಏನಿದೆ’ ಎಂದು ಹೇಳುತ್ತದೆ, ‘ಯಾಕೆ ಹೀಗಿದೆ’ ಎಂಬಲ್ಲಿಗೆ ಹೆಚ್ಚು ಹೋಗುವುದಿಲ್ಲ.

ಆಮೇಲೆ ಅಮೆರಿಕದ ಮಾನವಶಾಸ್ತ್ರಜ್ಞ ಡೇವಿಡ್ ಮ್ಯಾಂಡಲ್‌ಬಾಮ್. 1937ರಲ್ಲಿ ಕೊಚ್ಚಿಗೆ ಬಂದು, 1939ರಲ್ಲಿ ಇಲ್ಲಿಯ ಯೆಹೂದಿಗಳ ಜೀವನದ ಬಗ್ಗೆ ಪ್ರಬಂಧ ಬರೆದರು, ದಶಕಗಳ ನಂತರ ಮತ್ತೆ ಅದೇ ವಿಷಯಕ್ಕೆ ಮರಳಿದರು. ಅಷ್ಟು ಚಿಕ್ಕ ಸಮುದಾಯದ ಒಳಗೂ ಬಿಳಿಯರು, ಕರಿಯರು, ದಾಸ್ಯದಿಂದ ಬಿಡುಗಡೆಯಾದವರೆಂದು ಕರೆಸಿಕೊಂಡವರ ಸಂತತಿ ಎಂಬ ಕಟ್ಟುನಿಟ್ಟಿನ ಗೆರೆಗಳಿದ್ದವು. ಒಂದು ಗುಂಪು ಇನ್ನೊಂದಕ್ಕೆ ಹೆಣ್ಣು ಕೊಡುತ್ತಿರಲಿಲ್ಲ. ಜಾತಿಯ ಸಮಾಜದ ನಡುವೆ ಬಾಳಿದವರಲ್ಲಿ, ಅವರ ಧರ್ಮ ಯಾವುದೇ ಇರಲಿ, ಜಾತಿಯಂಥ ವಿಂಗಡಣೆ ಬೆಳೆಯುತ್ತದೆ ಎಂಬುದು ಇಲ್ಲಿ ಮೂಡುವ ವಾದ. ಈಗ ‘ಯಾಕೆ’ ಎಂಬುದಕ್ಕೆ ಒಂದು ಉತ್ತರ ಬಂತು. ಆ ಉತ್ತರವನ್ನು ಒಪ್ಪದಿರಲು ಅವಕಾಶವೂ ಬಂತು.

ಆ ಗೆರೆಗಳನ್ನೇ ಒಪ್ಪದವರೂ ಇದ್ದೇ ಇದ್ದರು. ಮಟ್ಟಾಂಚೇರಿಯ ವಕೀಲ ಎ.ಬಿ. ಸೇಲಂ ಪರದೇಶಿ ಸಿನಗಾಗ್‌ನಲ್ಲಿ ಬಿಡುಗಡೆಯಾದವರೆನಿಸಿಕೊಂಡ ತಮ್ಮ ಗುಂಪಿಗೆ ಸಮಾನ ಹಕ್ಕು ಬೇಕೆಂದು ಗಾಂಧಿಯ ಸತ್ಯಾಗ್ರಹದ ದಾರಿ ಹಿಡಿದರು. ಯೆಹೂದಿ ಗಾಂಧಿ ಎಂದೇ ಅವರಿಗೆ ಹೆಸರು. 1995ರಲ್ಲಿ ರೂಬಿ ಡೇನಿಯಲ್ ಎಂಬ ಮಹಿಳೆಯ ನೆನಪುಗಳ ಪುಸ್ತಕ ಬಂತು, ‘ರೂಬಿ ಆಫ್ ಕೊಚ್ಚಿನ್’. ಬಾರ್ಬರಾ ಜಾನ್ಸನ್ ಎಂಬ ಮಾನವಶಾಸ್ತ್ರಜ್ಞೆಯ ಜೊತೆ ಸೇರಿ ಬರೆದದ್ದು. ರೂಬಿ ಹುಟ್ಟಿ ಬೆಳೆದದ್ದು ಮಟ್ಟಾಂಚೇರಿಯ ಜ್ಯೂ ಟೌನಿನಲ್ಲಿ, 1951ರಲ್ಲಿ ಇಸ್ರೇಲಿಗೆ ಹೋದವರು. ತಮ್ಮ ಮನೆತನದ ಮೇಲೆ ಹೊರಿಸಿದ್ದ ದಾಸ್ಯದ ಕಥೆಯನ್ನು ಅವರು ಪ್ರಶ್ನಿಸುತ್ತಾರೆ. ಯಾರ ಬಗ್ಗೆ ಇತರರು ಬರೆಯುತ್ತಿದ್ದರೋ ಅವರೇ ಈಗ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಾರೆ. ಈ ಪುಸ್ತಕ ಓದಿದ ಮೇಲೆ ಹಿಂದಿನ ಪ್ರಬಂಧಗಳಿಗೆ ಮರಳಿ ಹೋದ ವಿದ್ಯಾರ್ಥಿನಿಯೊಬ್ಬಳು ‘ಇದನ್ನು ಅವರಿಗೆ ಹೇಳಿದವರು ಯಾವ ಗುಂಪಿನವರು, ಸರ್?’ ಎಂದು ಕೇಳಿದಳು. ಓದುವುದು ಎಂದು ನಾನು ಕರೆಯುವುದು ಆ ಪ್ರಶ್ನೆಯನ್ನು.

2000ದಲ್ಲಿ ಚಿಂತಕ ಆಶಿಶ್ ನಂದಿಯವರು ಕೊಚ್ಚಿಯ ಬಗ್ಗೆ ಒಂದು ದೀರ್ಘ ಪ್ರಬಂಧ ಬರೆದರು. ಅವರು ಹೋರಾಡುವುದು ಬೇರೆಯದೇ ಎದುರಾಳಿಯ ಜೊತೆ. ಹಲವು ಸಮುದಾಯಗಳು ಒಟ್ಟಿಗೆ ಬಾಳಬೇಕಾದರೆ ಎಲ್ಲರೂ ಹಳೆಯ ಗುರುತುಗಳನ್ನು ಕಳಚಿ, ಎಲ್ಲರೂ ಸಮಾನರೆಂದು ನಂಬುವ ಆಧುನಿಕರಾಗಬೇಕು ಎಂಬ ನಂಬಿಕೆ ಇದೆಯಲ್ಲ, ಅದಕ್ಕೆ ಅವರ ಉತ್ತರ. ಕೊಚ್ಚಿಯ ಜನರೊಡನೆ ಮಾತಾಡಿ ಅವರು ಕಂಡದ್ದು ಇದು: ಇಲ್ಲಿಯ ಸಮುದಾಯಗಳಿಗೆ ಒಂದರ ಮೇಲೊಂದಕ್ಕೆ ಅಸಮಾಧಾನವಿದೆ, ಪೂರ್ವಗ್ರಹವಿದೆ, ತಾವೇ ಮೇಲು ಎಂಬ ಭಾವನೆಯೂ ಇದೆ. ಆದರೆ ಇನ್ನೊಬ್ಬರಿಲ್ಲದೆ ತಮ್ಮ ಊರು ಪೂರ್ಣವಲ್ಲ ಎಂಬ ಭಾವನೆಯೂ ಇದೆ, ಆದ್ದರಿಂದ ಅಸಮಾಧಾನ ಕೊಲೆಯ ಮಟ್ಟಕ್ಕೆ ಹೋಗುವುದಿಲ್ಲ. ಪ್ರವಾಸಿಗಳಿಗೆ ಹೇಳುವ ಸೌಹಾರ್ದದ ವಾಕ್ಯಕ್ಕೂ ಈ ವಾದಕ್ಕೂ ಎಷ್ಟು ದೂರ ನೋಡಿ. ಇದನ್ನು ಒಪ್ಪಬೇಕೆಂದಿಲ್ಲ. ಸೇಲಂ ಅವರ ಸತ್ಯಾಗ್ರಹವನ್ನು ಎದುರಿಗಿಟ್ಟು ‘ಕೊಲೆಯಿಲ್ಲದಿದ್ದರೆ ಸಾಕೇ? ಒಳಗಿನ ಅವಮಾನಕ್ಕೆ ಬೆಲೆಯಿಲ್ಲವೇ?’ ಎಂದು ನಂದಿಯವರನ್ನು ಕೇಳಬಹುದು. ಕೇಳಲೇಬೇಕು ಎಂದು ನನ್ನ ಅಭಿಪ್ರಾಯ.

ಒಂದೇ ಸಾಮಗ್ರಿಯಿಂದ ಎರಡು ಬೇರೆ ಬೇರೆ ಬರವಣಿಗೆಗಳು ಹೇಗೆ ಹುಟ್ಟುತ್ತವೆ ಎಂಬುದಕ್ಕೆ ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರಷ್ಟು ಸ್ಪಷ್ಟ ಉದಾಹರಣೆ ಇನ್ನೊಂದಿಲ್ಲ. ಅವರು ಬೊಂಬಾಯಿಯಲ್ಲಿ ಜಿ.ಎಸ್. ಘುರ್ಯೆಯವರ ಕೈಕೆಳಗೆ ಕೊಡವರ ಬಗ್ಗೆ ಸಂಶೋಧನೆ ಮಾಡಿ, 1944ರಲ್ಲಿ ಎರಡು ಸಂಪುಟಗಳ, ಸುಮಾರು ಒಂಬೈನೂರು ಪುಟಗಳ ಮಹಾಪ್ರಬಂಧ ಒಪ್ಪಿಸಿದರು. ಮುಂದಿನ ವರ್ಷ ಆಕ್ಸ್‌ಫರ್ಡಿಗೆ ಹೋದಾಗ ಅಲ್ಲಿಯ ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ ಅವರು ಅದೇ ಕೊಡಗಿನ ಸಾಮಗ್ರಿಯನ್ನು ಹೊಸ ಪ್ರಶ್ನೆಯೊಂದಿಗೆ ಮತ್ತೆ ಬರೆಯಲು ಹೇಳಿದರು. ಆಚರಣೆಗಳು ಒಕ್ಕವೆಂಬ ಮನೆತನವನ್ನು, ಊರನ್ನು, ನಾಡನ್ನು ಹೇಗೆ ಕಟ್ಟಿ ಹಿಡಿಯುತ್ತವೆ ಎಂಬುದು ಆ ಪ್ರಶ್ನೆ. ಆ ಪ್ರಶ್ನೆ ಬಂದ ಕೂಡಲೇ ಯಾವ ವಿವರ ಬೇಕು, ಯಾವುದು ಬೇಡ ಎಂಬುದು ತಾನಾಗಿ ತೀರ್ಮಾನವಾಯಿತು. ಹೀಗೆ ಮತ್ತೆ ಬರೆದು 1952ರಲ್ಲಿ ಹೊರಬಂದ ಪುಸ್ತಕವನ್ನು ಜಗತ್ತು ಇಂದಿಗೂ ಓದುತ್ತದೆ. ಬೊಂಬಾಯಿಯ ಒಂಬೈನೂರು ಪುಟ ವ್ಯರ್ಥವೆಂದು ದಯವಿಟ್ಟು ತಿಳಿಯಬೇಡಿ. ಅದಿಲ್ಲದೆ ಇದು ಬರುತ್ತಿರಲಿಲ್ಲ. ಮಾಹಿತಿ ಕೂಡಿಸುವುದೇ ಬರವಣಿಗೆಯೆಂದು ನಂಬಿದ ವಿದ್ಯಾರ್ಥಿಗೆ ಈ ಇತಿಹಾಸವನ್ನು ಹೇಳಿದರೆ, ತನ್ನ ಟಿಪ್ಪಣಿಗಳನ್ನು ಹೊಸ ಕಣ್ಣಿನಿಂದ ನೋಡಲು ಶುರುಮಾಡುತ್ತಾನೆ.

ಶ್ರೀನಿವಾಸರಿಂದಲೇ ಇನ್ನೊಂದು ಪಾಠ. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ಇದ್ದು ಬರೆದುಕೊಂಡ ಟಿಪ್ಪಣಿಗಳನ್ನು ವರ್ಷಗಟ್ಟಲೆ ಸಂಸ್ಕರಿಸಿ ಇಟ್ಟಿದ್ದರು. ಅವೆಲ್ಲ 1970ರ ಏಪ್ರಿಲಿನಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಬಲಿಯಾದವು. ನೆನಪಿನಿಂದ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ನೆನಪಿನಿಂದ ಬರೆದೆ ಎಂಬುದನ್ನು ಅವರು ಮುಚ್ಚಿಡಲಿಲ್ಲ, ಪುಸ್ತಕದ ಹೆಸರಿನಲ್ಲೇ ಇಟ್ಟರು. ತನ್ನ ಆಧಾರ ಎಷ್ಟು ಗಟ್ಟಿ, ಎಲ್ಲಿ ಸಡಿಲ ಎಂದು ಓದುಗನಿಗೆ ಮೊದಲೇ ತಿಳಿಸುವ ಈ ಗುಣವನ್ನು ನಾನು ಶೈಲಿಗಿಂತ ದೊಡ್ಡದೆಂದು ಎಣಿಸುತ್ತೇನೆ.

ಅವರ ‘ಪ್ರಬಲ ಜಾತಿ’ಯ ವಿಚಾರವನ್ನೂ ಪರೀಕ್ಷೆಗೆ ಉರುಹೊಡೆಯುವ ಮಕ್ಕಳು ಹೀಗೆಯೇ ಓದಬೇಕು. ಸಂಖ್ಯೆ, ಭೂಮಿ, ರಾಜಕೀಯ ಬಲ, ತೀರ ಕೆಳಗಲ್ಲದ ಸ್ಥಾನ ಎಂದು ಮೊದಲು ಬರೆದವರು, 1959ರ ಲೇಖನದಲ್ಲಿ ಆಧುನಿಕ ಶಿಕ್ಷಣ ಮತ್ತು ನೌಕರಿಯನ್ನೂ ಸೇರಿಸಿದರು. 1968ರಲ್ಲಿ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಎಸ್.ಸಿ. ದುಬೆ ಎದ್ದು ಕೇಳಿದರು: ಪ್ರಬಲವಾಗಿರುವುದು ಇಡೀ ಜಾತಿಯೋ, ಅದರೊಳಗಿನ ಕೆಲವು ವ್ಯಕ್ತಿಗಳೋ? ಹಳ್ಳಿ ಕಂಡವರಿಗೆಲ್ಲ ಈ ಪ್ರಶ್ನೆ ತಟ್ಟನೆ ಅರ್ಥವಾಗುತ್ತದೆ. ಕಾಸರಗೋಡಿನ ಹುಡುಗನಿಗೆ ಉತ್ತರ ಹುಡುಕಲು ತನ್ನ ಗ್ರಾಮ ಪಂಚಾಯತಿಯೇ ಸಾಕು.

ತಿರುವನಂತಪುರಕ್ಕೆ ಹೋದ ಮಕ್ಕಳಿಗೆ ಇನ್ನೊಂದು ಭಾಗ್ಯವಿದೆ. ವಾಸ್ತುಶಿಲ್ಪಿ ಲಾರಿ ಬೇಕರ್ ಇಟ್ಟಿಗೆಯಲ್ಲಿ ಕಟ್ಟಿದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಅಲ್ಲಿದೆ. ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಕಟ್ಟಿ ಬೆಳೆಸಿದ ಸಂಸ್ಥೆ. 1975ರಲ್ಲಿ ವಿಶ್ವಸಂಸ್ಥೆಗಾಗಿ ಅಲ್ಲಿಯವರು ಮಾಡಿದ ಅಧ್ಯಯನ, ಆದಾಯ ಕಡಿಮೆಯಿದ್ದರೂ ಕೇರಳದಲ್ಲಿ ಅಕ್ಷರ, ಆರೋಗ್ಯ, ಆಯುಸ್ಸು ಮುಂದಿವೆ ಎಂಬುದನ್ನು ಅಂಕಿಗಳಿಂದ ತೋರಿಸಿತು. ಕೇರಳ ಮಾದರಿ ಎಂಬ ದೊಡ್ಡ ಚರ್ಚೆಗೆ ಅದು ಬುನಾದಿಯಾಯಿತು. ಅದೇ ಸಂಸ್ಥೆಯಲ್ಲಿದ್ದ ಜಾನ್ ಕುರಿಯನ್ 1995ರಲ್ಲಿ, ಸರಾಸರಿಯ ಈ ಚಿತ್ರದಿಂದ ಮೀನುಗಾರರು ಹೊರಗುಳಿದಿದ್ದಾರೆ ಎಂದು ಬರೆದರು. ಗಮನಿಸಬೇಕಾದದ್ದು, ಹಿಂದಿನವರ ಅಂಕಿಗಳು ತಪ್ಪೆಂಬುದು ಕುರಿಯನ್ನರ ವಾದವಲ್ಲ. ಸರಾಸರಿ ಯಾರನ್ನು ಮರೆಮಾಡುತ್ತದೆ ಎಂಬುದು ಅವರ ಪ್ರಶ್ನೆ. ಒಬ್ಬರನ್ನು ವಿರೋಧಿಸುವುದೆಂದರೆ ಅವರು ಸುಳ್ಳುಗಾರರೆಂದು ಹೇಳುವುದೆಂದೇ ತಿಳಿದಿದ್ದ ಮಕ್ಕಳಿಗೆ ಇದು ದೊಡ್ಡ ಬಿಡುಗಡೆ. ಒಪ್ಪಿಕೊಂಡೇ ಮುಂದೆ ಹೋಗಬಹುದು, ಒಪ್ಪಿಕೊಂಡೇ ಎಲ್ಲೆ ತೋರಿಸಬಹುದು.

ಎಲ್ಲೆಯ ಮಾತು ಬಂದದ್ದರಿಂದ ಇಂಗ್ಲಿಷಿನ ಬಗ್ಗೆ ಒಂದೇ ಒಂದು ಎಚ್ಚರಿಕೆ. ಸಮಾಜಶಾಸ್ತ್ರದ ಬರವಣಿಗೆಯಲ್ಲಿ ಮೇ, ಟೆಂಡ್ಸ್ ಟು, ಲಾರ್ಜ್‌ಲಿ ಮುಂತಾದ ಸಣ್ಣ ಪದಗಳು ಪದೇ ಪದೇ ಬರುತ್ತವೆ. ಸಾರಾಂಶ ಬರೆಯುವಾಗ ಮಕ್ಕಳು ಮೊದಲು ಬಿಡುವುದು ಅವನ್ನೇ, ನಿಘಂಟಿನಲ್ಲಿ ಅವುಗಳಿಗೆ ಭಾರವಿಲ್ಲ ಎಂದುಕೊಂಡು. ಆಗ ‘ಬಹುಮಟ್ಟಿಗೆ ಹೀಗಿರುತ್ತದೆ’ ಎಂದ ಲೇಖಕರು ‘ಯಾವಾಗಲೂ ಹೀಗೇ’ ಎಂದಂತಾಗುತ್ತದೆ. ಅವರು ಹೊತ್ತುಕೊಳ್ಳದ ಹೊಣೆಯನ್ನು ನಾವು ಹೊರಿಸಿ, ಆಮೇಲೆ ನಾವೇ ಖಂಡಿಸುತ್ತೇವೆ. ಅದು ಅನ್ಯಾಯ.

ಇನ್ನು ಬರೆಯುವ ಮಾತು. ಮಟ್ಟಾಂಚೇರಿಯ ಬಂದರಿನಲ್ಲಿ ಹಿಂದೆ ಚಾಪ್ಪ ಎಂಬ ಪದ್ಧತಿ ಇತ್ತು. ಬೆಳಿಗ್ಗೆ ಕೆಲಸಕ್ಕೆ ಕಾದು ನಿಂತ ಗುಂಪಿನ ಮೇಲೆ ಗುತ್ತಿಗೆದಾರರ ಕಡೆಯವರು ಲೋಹದ ಬಿಲ್ಲೆಗಳನ್ನು ಎಸೆಯುತ್ತಿದ್ದರು. ನೂಕುನುಗ್ಗಲಿನಲ್ಲಿ ಬಿಲ್ಲೆ ಸಿಕ್ಕವನಿಗೆ ಅಂದಿನ ಕೂಲಿ. ಇದರ ವಿರುದ್ಧದ ಹೋರಾಟದಲ್ಲಿ 1953ರ ಸೆಪ್ಟೆಂಬರ್ 15ರಂದು ಪೊಲೀಸರ ಗುಂಡೇಟು ನಡೆದು ಕಾರ್ಮಿಕರು ಸತ್ತರು. ಇದರ ಬಗ್ಗೆ ಒಂದು ಪುಟ ಬರೆಯಿರಿ ಎಂದರೆ ಮೊದಲ ಕರಡಿನಲ್ಲಿ ಬರುವ ವಾಕ್ಯ: ಚಾಪ್ಪ ಅಮಾನುಷ ಪದ್ಧತಿ. ನಿಜ, ನನಗೂ ಹಾಗೇ ಅನಿಸುತ್ತದೆ. ಆದರೆ ಇದನ್ನು ಅಲ್ಲಗಳೆಯುವವರು ಯಾರಿದ್ದಾರೆ? ಎದುರಾಳಿಯಿಲ್ಲದ ಕಡೆ ವಾದಕ್ಕೆ ಕೆಲಸವಿಲ್ಲ. ಎರಡನೆಯ ಕರಡಿನಲ್ಲಿ ಒಬ್ಬ ಹುಡುಗ ಹೀಗೆ ಬರೆದ: ಚಾಪ್ಪ ಬರೀ ಕೂಲಿ ಹಂಚುವ ಕ್ರಮವಾಗಿರಲಿಲ್ಲ, ಪ್ರತಿ ಬೆಳಿಗ್ಗೆ ಕಾರ್ಮಿಕನನ್ನು ಪಕ್ಕದ ಕಾರ್ಮಿಕನ ಶತ್ರುವಾಗಿಸುವ ಮೂಲಕ ಸಂಘಟನೆಯನ್ನು ತಡೆಯುವ ಕ್ರಮವೂ ಆಗಿತ್ತು. ಇದು ವಾದ. ಈಗ ಪ್ರಶ್ನೆಗಳು ಸಾಲುಗಟ್ಟಿ ಬರುತ್ತವೆ. ಹಾಗಿದ್ದರೆ ಸಂಘಟನೆ ಹುಟ್ಟಿದ್ದು ಹೇಗೆ? ಬಂದರು ಕಾರ್ಮಿಕರ ಉದ್ಯೋಗ ನಿಯಂತ್ರಣಕ್ಕೆ 1948ರಲ್ಲೇ ಕಾನೂನು ಬಂದಿತ್ತಲ್ಲ, ಐದು ವರ್ಷದ ನಂತರವೂ ಗುಂಡು ಹಾರಿದ್ದು ಯಾಕೆ? ಹಳೆಯ ಕಾರ್ಮಿಕರ ನೆನಪು, ಸಂಘದ ಕಾಗದಪತ್ರ, ಸರಕಾರದ ಕಡತ, ಇವುಗಳಲ್ಲಿ ಯಾವುದು ಏನನ್ನು ಹೇಳಬಲ್ಲದು?

ಆ ಹುಡುಗ ಆ ವಾಕ್ಯವನ್ನು ಮೊದಲು ಬರೆದದ್ದು ಕನ್ನಡದಲ್ಲಿ. ನಾನೇ ಹಾಗೆ ಬರೆಯಲು ಹೇಳುತ್ತೇನೆ. ಇತರರು ಏನು ಹೇಳುತ್ತಾರೆ, ನಾನು ಏನು ಹೇಳುತ್ತೇನೆ, ಯಾವ ಆಧಾರದ ಮೇಲೆ ಹೇಳುತ್ತೇನೆ, ಇಷ್ಟನ್ನು ತನ್ನ ಭಾಷೆಯಲ್ಲಿ ಪಕ್ಕದವನಿಗೆ ಹೇಳಲು ಬಂದರೆ ಇಂಗ್ಲಿಷಿಗೆ ದಾಟಿಸುವುದು ಶ್ರಮದ ಕೆಲಸ, ಅಸಾಧ್ಯದ್ದಲ್ಲ. ಸಣ್ಣ ಸಣ್ಣ ವಾಕ್ಯಗಳಿರಲಿ. ತಿರುವನಂತಪುರದ ಜೆ. ದೇವಿಕಾ ಅವರಂಥ ವಿದ್ವಾಂಸರು ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಅಷ್ಟೇ ಹರಿತವಾಗಿ ವಾದಿಸುತ್ತಾರೆ. ಕನ್ನಡದಲ್ಲೂ ಇಂಥವರು ಇನ್ನೂ ಹೆಚ್ಚಬೇಕು ಎಂಬುದು ನನ್ನ ಆಸೆ.

ಆಧಾರ ಹೇಳುವುದನ್ನು ಮಕ್ಕಳು ಅಂಕಕ್ಕಾಗಿ ಮಾಡುವ ಶಿಷ್ಟಾಚಾರವೆಂದು ತಿಳಿಯುತ್ತಾರೆ. ಅವರಿಗೆ ಕೊಚ್ಚಿಯದೇ ಒಂದು ಪುಸ್ತಕವನ್ನು ತೋರಿಸುತ್ತೇನೆ. ಡಚ್ಚರ ಅಧಿಕಾರಿ ವ್ಯಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಹೊರಬಂದ ‘ಹೋರ್ಟಸ್ ಮಲಬಾರಿಕಸ್’. ಸಸ್ಯಗಳ ಗುಣ ಹೇಳಿಕೊಟ್ಟ ಈಳವ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ವೈದ್ಯರಾದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್, ಇವರ ಹೇಳಿಕೆಗಳು ಮೊದಲ ಸಂಪುಟದಲ್ಲಿ ಅವರವರ ಲಿಪಿಯಲ್ಲೇ ಅಚ್ಚಾಗಿವೆ. ತಿಳಿವಳಿಕೆ ಯಾರಿಂದ ಬಂತೆಂದು ಹೇಳುವುದು ಋಣ ಒಪ್ಪಿಕೊಳ್ಳುವುದು. ಓದುಗನಿಗೆ ಮೂಲದವರೆಗೆ ನಡೆದು ಹೋಗಿ ಪರೀಕ್ಷಿಸುವ ದಾರಿಯನ್ನೂ ಅದು ಬಿಟ್ಟುಕೊಡುತ್ತದೆ.

ಕೊನೆಗೆ ಒಂದು ಕಠಿಣ ವಿಷಯ. 2002ರಲ್ಲಿ ರಾಜ್ಯಶಾಸ್ತ್ರಜ್ಞ ಗೋಪಾಲ್ ಗುರು ಒಂದು ಲೇಖನ ಬರೆದು, ಭಾರತದ ಸಮಾಜ ವಿಜ್ಞಾನದೊಳಗೇ ಒಂದು ಶ್ರೇಣಿ ಇದೆ ಎಂದು ವಾದಿಸಿದರು. ಸಿದ್ಧಾಂತ ಕಟ್ಟುವುದು ಕೆಲವರ ಹಕ್ಕು, ಅನುಭವದ ವಿವರ ಒದಗಿಸುವುದು ಉಳಿದವರ ಪಾಲು. ದಲಿತರು ಈ ಎರಡನೆಯ ಪಾಲಿಗೆ ತೃಪ್ತರಾಗಬಾರದು ಎಂಬುದು ಅವರ ಒತ್ತಾಯ. ಬೆಂಗಳೂರಿನ ತತ್ವಶಾಸ್ತ್ರಜ್ಞ ಸುಂದರ್ ಸಾರುಕ್ಕೈ ಅವರ ಜೊತೆ ನಡೆಸಿದ ಸಂವಾದ 2012ರಲ್ಲಿ ‘ದಿ ಕ್ರ್ಯಾಕ್ಡ್ ಮಿರರ್’ ಎಂಬ ಪುಸ್ತಕವಾಯಿತು. ಅನುಭವ ಯಾರದೋ ಅವರೇ ಸಿದ್ಧಾಂತ ಬರೆಯಬೇಕೇ, ಬೇರೆಯವರು ಬರೆಯಬಹುದೇ ಎಂದು ಇಬ್ಬರೂ ಪರಸ್ಪರ ಗೌರವದಿಂದ, ಬಿಟ್ಟುಕೊಡದೆ ಚರ್ಚಿಸುತ್ತಾರೆ. ಗಡಿಯ ಊರಿಂದ, ಬೀಡಿ ಕಟ್ಟುವ, ಅಡಿಕೆ ಸುಲಿಯುವ ಮನೆಗಳಿಂದ ಬಂದ ನಮ್ಮ ಮಕ್ಕಳನ್ನು ಸಂಶೋಧಕರು ಮಾಹಿತಿಗಾಗಿ ಹುಡುಕಿಕೊಂಡು ಬರುತ್ತಾರೆ. ಆ ಮಾಹಿತಿಯಿಂದ ಏನು ತೀರ್ಮಾನಿಸಬಹುದು ಎಂದು ಹೇಳುವ ಕುರ್ಚಿಯಲ್ಲೂ ಈ ಮಕ್ಕಳು ಕೂರಬೇಕು. ಇಂಗ್ಲಿಷಿನಲ್ಲಿ ವಾದಿಸಲು ಕಲಿಯಿರಿ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಎಲ್ಲಿಂದ ಶುರುಮಾಡಲಿ ಎಂದು ಕೇಳುವವರಿಗೆ ನನ್ನ ಸಲಹೆ 1955ರಲ್ಲಿ ಬಂದ ‘ಇಂಡಿಯಾಸ್ ವಿಲೇಜಸ್’. ‘ಎಕನಾಮಿಕ್ ವೀಕ್ಲಿ’ಯಲ್ಲಿ ಬೇರೆ ಬೇರೆ ಊರುಗಳ ಬಗ್ಗೆ ಬಂದ ಸಣ್ಣ ಸಣ್ಣ ಲೇಖನಗಳ ಸಂಗ್ರಹ, ಶ್ರೀನಿವಾಸರದೂ ಅದರಲ್ಲಿದೆ. ಒಂದು ಲೇಖನವನ್ನು ನಿಘಂಟು ಮುಟ್ಟದೆ ಕೊನೆಯವರೆಗೆ ಓದಿ. ಎರಡನೆಯ ಸಲ ಓದುವಾಗ ಲೇಖಕರು ಎಲ್ಲಿ ‘ಆದರೆ’ ಎನ್ನುತ್ತಾರೋ ಅಲ್ಲಿ ಗೆರೆ ಎಳೆಯಿರಿ. ಆ ಗೆರೆಯ ಹಿಂದೆ ಇರುವ ಮಾತು ಯಾರದು ಎಂದು ಅಂಚಿನಲ್ಲಿ ಕನ್ನಡದಲ್ಲೇ ಬರೆಯಿರಿ. ಪದಗಳ ಅರ್ಥವನ್ನು ಮೂರನೆಯ ಸಲ ಹುಡುಕಿದರೆ ಸಾಕು.